ರಾ ಫೋಟೋ ಎಡಿಟಿಂಗ್ ಶುರು ಮಾಡಬೇಕು, ಯಾವ ಸಾಫ್ಟ್‌ವೇರ್ ಹಿಡಿಯಲಿ?

ಹೊಸ ಲೆನ್ಸ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಕ್ಯಾಮೆರಾ ತಗೊಂಡೆ. ಜೊತೆಗೆ 18-55 ಮತ್ತು 55-250 ಲೆನ್ಸ್ ಬಂತು. ಕೆಲಸ ಮುಗಿದ ಮೇಲೆ, ಭಾನುವಾರಗಳಲ್ಲಿ ಫೋಟೋ ತೆಗೆಯುತ್ತೇನೆ. ಹಕ್ಕಿಗಳು ಅಂದರೆ ಇಷ್ಟ, ಸಂತೆ-ಜಾತ್ರೆನೂ ಇಷ್ಟ.

ಕಳೆದ ವಾರ ರಂಗನತಿಟ್ಟಿಗೆ ಹೋಗಿದ್ದೆ. ಗೆಳತಿಯೊಬ್ಬಳು "ರಾದಲ್ಲಿ ತೆಗಿ, ಆಮೇಲೆ ಏನು ಬೇಕಾದರೂ ಸರಿ ಮಾಡಬಹುದು" ಅಂದಿದ್ದಳು. ಹಾಗೇ ಮಾಡಿದೆ, ರಾ (ಕ್ಯಾಮೆರಾ ಹಿಡಿದದ್ದನ್ನು ಹದ ಮಾಡದೆ ಹಾಗೇ ಇಡುವ ಫೈಲ್) ಮತ್ತು ಜೆಪೆಗ್ (ಮಾಮೂಲಿ ಸಿದ್ಧ ಫೋಟೋ) ಎರಡೂ ಇಟ್ಟೆ. ಮನೆಗೆ ಬಂದು ಡಾರ್ಕ್‌ಟೇಬಲ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ರಾ ತೆರೆದರೆ ಫೋಟೋ ಮಂಕಾಗಿತ್ತು. ಹಸಿರು ಸತ್ತುಹೋಗಿತ್ತು. ಅದೇ ಫೋಟೋದ ಜೆಪೆಗ್ ಚೆನ್ನಾಗಿ ಮಿಂಚುತ್ತಿತ್ತು. ಒಂದು ಗಂಟೆ ಸ್ಲೈಡರ್ ಎಳೆದಾಡಿದರೂ ಜೆಪೆಗ್ ಮಟ್ಟಕ್ಕೆ ತರಲು ಆಗಲಿಲ್ಲ. ಇನ್ನೊಂದು ಬೇಜಾರು ಏನೆಂದರೆ, ಬಣ್ಣದ ಕೊಕ್ಕರೆಯ ಬೆನ್ನು ಪೂರ್ತಿ ಬಿಳಿ ಸುಣ್ಣ ಬಳಿದ ಹಾಗೆ ಬಂದಿದೆ. ಗರಿಯ ಒಂದು ಗೆರೆಯೂ ಕಾಣಲ್ಲ. ರಾ ಇದ್ದರೂ ಅದು ವಾಪಸ್ ಬರಲಿಲ್ಲ.

ನನ್ನ ಲ್ಯಾಪ್‌ಟಾಪ್ 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ತಿಂಗಳು ತಿಂಗಳು ದುಡ್ಡು ಕಟ್ಟುವುದು ಈಗ ಕಷ್ಟ. ಪರಿಚಯದ ಹುಡುಗನೊಬ್ಬ ದುಡ್ಡು ಕೊಟ್ಟು ತಗೋಬೇಕಾದ ಲೈಟ್‌ರೂಮ್ ಸಾಫ್ಟ್‌ವೇರಿನ ಕ್ರ್ಯಾಕ್ (ಕಳ್ಳ ಪ್ರತಿ) ಹಾಕಿಕೊಡ್ತೀನಿ ಅಂತಿದ್ದಾನೆ. ಮನಸ್ಸು ಒಪ್ಪುತ್ತಿಲ್ಲ. ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ? ನಿಜವಾಗಿ ರಾ ಬೇಕೇ ಬೇಕಾ?

ಆಲೆಮನೆ ಹುಡುಗ

ಅಕ್ಕ, ನಮ್ಮ ಜಿಲ್ಲೆಯವರಿಗೆ ಇದನ್ನ ಹೇಳೋದು ಸುಲಭ. ರಾ ಅಂದರೆ ಗಾಣದಿಂದ ಇಳಿದ ಕಬ್ಬಿನ ಹಾಲು. ಜೆಪೆಗ್ ಅಂದರೆ ಅಚ್ಚು ಬೆಲ್ಲ. ಹಾಲು ಕೈಯಲ್ಲಿದ್ದರೆ ಅಚ್ಚು ಬೆಲ್ಲ ಮಾಡಿ, ಬಕೆಟ್ ಬೆಲ್ಲ ಮಾಡಿ, ಪುಡಿ ಮಾಡಿ, ನಿಮ್ಮ ಇಷ್ಟ. ಅಚ್ಚಿಗೆ ಹೊಯ್ದು ಗಟ್ಟಿಯಾದ ಮೇಲೆ ಅದನ್ನ ಮತ್ತೆ ಹಾಲು ಮಾಡಕ್ಕಾಗಲ್ಲ. ನಿಮ್ಮ ಜೆಪೆಗ್ ಮಿಂಚುತ್ತಿದೆ ಅಂದರೆ ಕ್ಯಾಮೆರಾ ಒಳಗೇ ಒಬ್ಬ ಬೆಲ್ಲ ಕಾಯಿಸುವವನು ಕೂತಿದ್ದಾನೆ. ಬಣ್ಣ ಏರಿಸಿ, ಕಾಂಟ್ರಾಸ್ಟ್ ಕೊಟ್ಟು, ಶಾರ್ಪ್ ಮಾಡಿ, ನಾಯ್ಸ್ (ಫೋಟೋದಲ್ಲಿ ಕಾಣೋ ಕಾಳು ಕಾಳು) ಕಮ್ಮಿ ಮಾಡಿ, ಉಳಿದಿದ್ದನ್ನ ಎಸೆದು ಕೊಡ್ತಾನೆ. ರಾದಲ್ಲಿ ಆ ಕೆಲಸ ಇನ್ನೂ ಆಗಿಲ್ಲ. ಅದಕ್ಕೇ ಮಂಕು.

ಆದರೆ ಕೊಪ್ಪರಿಗೆ ತುಂಬಿ ಹೊರಗೆ ಚೆಲ್ಲಿದ ಹಾಲು ಯಾರು ಏನು ಮಾಡಿದರೂ ಬರಲ್ಲ ಅಲ್ವಾ? ನಿಮ್ಮ ಕೊಕ್ಕರೆ ಬೆನ್ನಿಗೆ ಆಗಿರೋದು ಅದು. ಸೆನ್ಸರ್, ಅಂದರೆ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಫಲಕದ ಒಂದೊಂದು ಚುಕ್ಕೆಗೂ ಬೆಳಕು ಹಿಡಿಯೋಕೆ ಒಂದು ಮಿತಿ ಇದೆ. ಅದು ತುಂಬಿಹೋದರೆ ಅಲ್ಲಿ ಗರಿ ಇತ್ತು ಅನ್ನೋ ಲೆಕ್ಕವೇ ದಾಖಲಾಗಲ್ಲ. "ಏನು ಬೇಕಾದರೂ ಸರಿ ಮಾಡಬಹುದು" ಅನ್ನೋದು ತಪ್ಪು ಮಾತು. ಕತ್ತಲಾದದ್ದನ್ನ ಸುಮಾರು ಎತ್ತಬಹುದು, ಸುಟ್ಟ ಬಿಳಿಯನ್ನ ಅಲ್ಲ.

ಸ್ಟುಡಿಯೋ ಕೆಲಸ, ಮೈಸೂರು

ನಾನು ಹದಿನಾಲ್ಕು ವರ್ಷದಿಂದ ಮದುವೆ ಫೋಟೋ ಕೆಲಸದಲ್ಲಿದ್ದೇನೆ. ಮೊದಲು ಕ್ರ್ಯಾಕ್ ವಿಷಯ ಹೇಳಿಬಿಡುತ್ತೇನೆ. ದಯವಿಟ್ಟು ಹಾಕಿಸಿಕೊಳ್ಳಬೇಡಿ. ನಾನು ಕೆಲಸ ಕಲಿತ ಜಾಗದಲ್ಲಿ ಹಾಗೆ ಹಾಕಿಸಿದ್ದರು. ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಎಲ್ಲ ಫೈಲ್‌ಗಳ ಹೆಸರಿನ ಹಿಂದೆ ಏನೋ ವಿಚಿತ್ರ ಅಕ್ಷರ ಸೇರಿಕೊಂಡಿತ್ತು. ಯಾವುದೂ ತೆರೆಯಲಿಲ್ಲ. ದುಡ್ಡು ಕೇಳುವ ಒಂದು ಚೀಟಿ ಮಾತ್ರ ಪರದೆ ಮೇಲೆ. ಮೂರು ಮದುವೆ ಫೋಟೋ ಹೋದವು. ಒಂದು ಮನೆಯವರ ಅಜ್ಜಿ ಆ ಮದುವೆಯಾದ ಎರಡೇ ತಿಂಗಳಿಗೆ ತೀರಿಕೊಂಡಿದ್ದರು. ಅವರ ಕೊನೆಯ ಫೋಟೋ ಅದರಲ್ಲಿತ್ತು. ಆ ಮನೆಯವರ ಮುಂದೆ ನಿಂತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಪ್ರಾಯೋಗಿಕ ಕಾರಣ. ಊರಲ್ಲಿ ಓಡಾಡುವ ಕ್ರ್ಯಾಕ್ ಜಾಸ್ತಿ ಹಳೇ ಲೈಟ್‌ರೂಮ್ 6. ಅದಕ್ಕೆ ಅಪ್‌ಡೇಟ್ ನಿಂತದ್ದು 2017ರಲ್ಲಿ. ಕ್ಯಾನನ್‌ನವರು 2018ರಿಂದ ಹೊಸ ಕ್ಯಾಮೆರಾಗಳಲ್ಲಿ ಸಿಆರ್3 ಅನ್ನುವ ರಾ ಫೈಲ್ ತಂದರು. ಲೈಟ್‌ರೂಮ್ 6 ಅದನ್ನು ತೆರೆಯುವುದೇ ಇಲ್ಲ. ನಿಮ್ಮ 200ಡಿ ಸಿಆರ್2 ಕೊಡುತ್ತೆ, ಸದ್ಯಕ್ಕೆ ತೊಂದರೆ ಇಲ್ಲ. ನಾಳೆ ಕ್ಯಾಮೆರಾ ಬದಲಾಯಿಸಿದರೆ ಅಲ್ಲಿಗೆ ನಿಂತಿತು.

ದುಡ್ಡು ಕೊಟ್ಟು ಬಳಸುವ ಲೈಟ್‌ರೂಮ್ ಕ್ಲಾಸಿಕ್ ಬಗ್ಗೆ ನನಗೆ ದೂರಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ. ಒಂದು ಮದುವೆಗೆ ಮೂರು ಸಾವಿರ ಫೋಟೋ ಬರುತ್ತೆ. ಛತ್ರದ ಒಳಗಿನ ಹಳದಿ ಬೆಳಕಿನ ಫೋಟೋ ಒಂದನ್ನು ಸರಿ ಮಾಡಿ, ಅದೇ ಬೆಳಕಿನ ಇನ್ನೂರು ಫೋಟೋಗೆ ಒಂದೇ ಸಲ ಹಚ್ಚುತ್ತೇನೆ. ಅದು ಅಲ್ಲಿ ತುಂಬ ಸಲೀಸು. ತಿಂಗಳ ಕಂತು ನಿಲ್ಲಿಸಿದರೆ ಫೋಟೋಗಳೇನೂ ಹೋಗಲ್ಲ. ಜೋಡಿಸಿಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಎಡಿಟ್ ಮಾಡುವ ಡೆವಲಪ್ ಭಾಗ ಮಾತ್ರ ಮುಚ್ಚಿಕೊಳ್ಳುತ್ತೆ. ಆದರೆ ಫೋಟೋದಿಂದ ದುಡಿಮೆ ಇಲ್ಲದವರು ಮೊದಲ ವರ್ಷವೇ ಅದಕ್ಕೆ ಕಟ್ಟಬೇಕಾ? ನನಗೇನೋ ಬೇಡ ಅನಿಸುತ್ತೆ.

ನಿಮಗೆ ನನ್ನ ಸಲಹೆ: ಕ್ಯಾನನ್‌ನವರದ್ದೇ ಡಿಜಿಟಲ್ ಫೋಟೋ ಪ್ರೊಫೆಷನಲ್. ಡಿಪಿಪಿ ಅಂತಾರೆ. ಉಚಿತ. ಡೌನ್‌ಲೋಡ್ ಮಾಡುವಾಗ ಕ್ಯಾಮೆರಾ ಕೆಳಗಿರುವ ಸೀರಿಯಲ್ ನಂಬರ್ ಕೇಳಬಹುದು, ಅಷ್ಟೇ. ಅದರಲ್ಲಿ ರಾ ತೆರೆದರೆ ನಿಮ್ಮ ಜೆಪೆಗ್ ಹೇಗಿತ್ತೋ ಹಾಗೇ ಕಾಣುತ್ತೆ. ಕ್ಯಾಮೆರಾದಲ್ಲಿ ಇಟ್ಟ ಪಿಕ್ಚರ್ ಸ್ಟೈಲ್ (ಬಣ್ಣ, ಕಾಂಟ್ರಾಸ್ಟ್‌ನ ಸೆಟ್ಟಿಂಗ್) ಅದಕ್ಕೆ ಅರ್ಥವಾಗುತ್ತೆ. ಆ ಮಂಕಿನ ಗಾಬರಿ ಇರಲ್ಲ. ನಿಕಾನ್ ಇದ್ದವರಿಗೆ ಎನ್ಎಕ್ಸ್ ಸ್ಟುಡಿಯೋ, ಸೋನಿ ಇದ್ದವರಿಗೆ ಇಮೇಜಿಂಗ್ ಎಡ್ಜ್ ಇದೆ. ಅವೂ ಉಚಿತ.

ಪೆಂಗ್ವಿನ್ ಕುವೆಂಪುನಗರ

ಡಿಪಿಪಿ ಸಲಹೆ ಒಪ್ಪುತ್ತೇನೆ, ಆದರೆ ಅಲ್ಲೇ ನಿಲ್ಲಬೇಡಿ. ಅದರಲ್ಲಿ ಫೋಟೋದ ಒಂದು ಭಾಗ ಮಾತ್ರ ಆರಿಸಿ ಕೆಲಸ ಮಾಡುವುದು ಕಷ್ಟ. ಹಕ್ಕಿಯನ್ನು ಹಾಗೇ ಬಿಟ್ಟು ಹಿಂದಿನ ನೀರನ್ನು ಮಾತ್ರ ಸ್ವಲ್ಪ ಕತ್ತಲು ಮಾಡಬೇಕು ಅಂದಾಗ ಕೈಕಟ್ಟುತ್ತೆ.

ನಾನು ಆರು ವರ್ಷದಿಂದ ಡಾರ್ಕ್‌ಟೇಬಲ್ ಬಳಸುತ್ತಿದ್ದೇನೆ. ಉಚಿತ, ಕೋಡ್ ಕೂಡ ಎಲ್ಲರಿಗೂ ತೆರೆದದ್ದು. ಮೊದಲು ಲಿನಕ್ಸ್, ಮ್ಯಾಕ್‌ಗೆ ಮಾತ್ರ ಇತ್ತು, 2017ರ ಕೊನೆಯಲ್ಲಿ ವಿಂಡೋಸ್‌ಗೂ ಬಂತು. ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಅದರಲ್ಲಿ ಹತ್ತಾರು ಮಾಡ್ಯೂಲ್‌ಗಳಿವೆ, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸಲಕರಣೆ. ಎಲ್ಲವನ್ನೂ ಮುಟ್ಟಿದರೆ ಕೆಡುತ್ತೆ. ನಾನು ಒಂದು ಹಕ್ಕಿ ಫೋಟೋಗೆ ನಿಜವಾಗಿ ಮುಟ್ಟುವುದು ಇಷ್ಟು.

ಮೊದಲು ಎಕ್ಸ್‌ಪೋಷರ್, ಅಂದರೆ ಫೋಟೋದ ಒಟ್ಟು ಬೆಳಕು. ಬಿಳಿ ಗರಿಯನ್ನು ಮರೆತು, ಹಕ್ಕಿಯ ಮುಖ, ಕಾಲು, ಕೊಂಬೆ ನೋಡಿ ಏರಿಸಿ ಇಳಿಸಿ. ಮಧ್ಯದ ಬೆಳಕು ಸರಿಯಾಗಬೇಕು. ಬಿಳಿ ಜಾಸ್ತಿ ಆಯಿತು ಅಂತ ಈ ಹಂತದಲ್ಲಿ ಹೆದರಬೇಡಿ. ಆಮೇಲೆ ಸಿಗ್ಮಾಯ್ಡ್ ಅನ್ನುವ ಮಾಡ್ಯೂಲ್. 2022ರ ಕೊನೆಯಲ್ಲಿ ಬಂದ 4.2 ಆವೃತ್ತಿಯಿಂದ ಇದೆ. ಅದಕ್ಕೂ ಮೊದಲು ಈ ಕೆಲಸಕ್ಕೆ ಹೆಚ್ಚಾಗಿ ಬಳಸುತ್ತಿದ್ದದ್ದು ಫಿಲ್ಮಿಕ್, ಹೊಸಬರಿಗೆ ಅದು ತಲೆನೋವು. ಸಿಗ್ಮಾಯ್ಡ್‌ನಲ್ಲಿ ಕಾಂಟ್ರಾಸ್ಟ್ ಸ್ಲೈಡರ್ ಒಂದನ್ನು ಮುಟ್ಟಿದರೆ ಸಾಕು. ಕ್ಯಾಮೆರಾ ಹಿಡಿದ ಬೆಳಕಿನ ದೊಡ್ಡ ಹರವನ್ನು ಪರದೆಗೆ ಹಿಡಿಸುವ ಹಾಗೆ ಮಡಚಿ ಕೊಡುತ್ತೆ. ನಿಮ್ಮ ಮಂಕು ಅರ್ಧ ಇಲ್ಲೇ ಹೋಗುತ್ತೆ. ಇನ್ನರ್ಧ ಕಲರ್ ಬ್ಯಾಲೆನ್ಸ್ ಆರ್‌ಜಿಬಿ ಮಾಡ್ಯೂಲ್‌ನಲ್ಲಿ. ಅಲ್ಲಿ ಸಿದ್ಧ ಪ್ರಿಸೆಟ್ ಇವೆ, ಬಣ್ಣ ಏರಿಸುವ ಒಂದನ್ನು ಒತ್ತಿ. ಲೆನ್ಸ್ ಕರೆಕ್ಷನ್ ಆನ್ ಮಾಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ದಾಟಿದ್ದರೆ, ನಾಯ್ಸ್ ತೆಗೆಯುವ ಪ್ರೊಫೈಲ್ಡ್ ಡಿನಾಯ್ಸ್ ಆನ್ ಮಾಡಿ. ಕ್ರಾಪ್ ಮಾಡಿ. ಮುಗಿಯಿತು. ಒಂದು ಫೋಟೋಗೆ ನಾಲ್ಕೈದು ನಿಮಿಷ.

ಒಂದು ವಾರ ಬೇರೆ ಏನನ್ನೂ ಮುಟ್ಟದೆ ಇಷ್ಟರಲ್ಲೇ ಇಪ್ಪತ್ತು ಫೋಟೋ ಮಾಡಿ ನೋಡಿ.

ರಾಥೆರಪಿ ಅಂತಲೂ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದೆ, ಅದೂ ಒಳ್ಳೆಯದು. ಜಿಂಪ್ ಅನ್ನುವ ಉಚಿತ ಫೋಟೋ ಎಡಿಟರ್ ಬಗ್ಗೆ ಯಾರಾದರೂ ಹೇಳಿದರೆ: ಅದು ನೇರವಾಗಿ ರಾ ತೆರೆಯಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿಯನ್ನೇ ಕರೆಯುತ್ತೆ. ಅಡ್ಡ ಬಂದ ಕರೆಂಟ್ ತಂತಿ ಅಳಿಸುವ ಹಾಗಿನ ಕೆಲಸಕ್ಕೆ ಆಮೇಲೆ ಜಿಂಪ್ ಬಳಸಿ.

ಹೊಸ ಲೆನ್ಸ್, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಲ್ಲದ ಮಾತು ತಲೆಯಲ್ಲಿ ಕೂತುಬಿಟ್ಟಿತು! ಸ್ಟುಡಿಯೋ ಸರ್, ಆ ಅಜ್ಜಿ ಫೋಟೋ ವಿಷಯ ಓದಿ ಕ್ರ್ಯಾಕ್ ಆಸೆ ಪೂರ್ತಿ ಬಿಟ್ಟೆ.

ನಿನ್ನೆ ರಾತ್ರಿ ಡಿಪಿಪಿ ಹಾಕಿ ನೋಡಿದೆ. ನಿಜ, ಜೆಪೆಗ್ ಹಾಗೇ ಕಂಡಿತು. ಅಲ್ಲೇ ವೈಟ್ ಬ್ಯಾಲೆನ್ಸ್ (ಬೆಳಕಿನ ಹಳದಿ-ನೀಲಿ ಛಾಯೆ ಸರಿ ಮಾಡುವುದು) ಬದಲಾಯಿಸಿದೆ, ದೋಣಿಯ ನೆರಳಿನಲ್ಲಿ ನೀಲಿಯಾಗಿದ್ದ ಮೊಸಳೆ ಫೋಟೋ ಚೆನ್ನಾಗಿ ಬಂತು. ಜೆಪೆಗ್‌ನಲ್ಲಿ ಅದನ್ನೇ ಮಾಡಲು ಹೋದರೆ ಬಣ್ಣ ಕಲಸಿಹೋಯಿತು. ಇದು ಯಾಕೆ?

ಮತ್ತೆ ಸುಟ್ಟ ಬಿಳಿ ಬರದ ಹಾಗೆ ಕ್ಯಾಮೆರಾದಲ್ಲೇ ಏನು ಮಾಡಬೇಕು?

ಕುಕ್ಕರಹಳ್ಳಿ ವಾಕಿಂಗ್

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕ್ಯಾಮೆರಾ ಹಿಡಿದು ನಡೆಯುವುದು ನನ್ನ ಅಭ್ಯಾಸ. ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತೇನಮ್ಮ.

ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಅನ್ನುವುದು ಮಾತ್ರ ಗೊತ್ತು. ಅದರ ಮೇಲೆ ಬಣ್ಣದ ಗಾಜಿನ ಚೌಕಗಳ ಹಾಗೆ ಫಿಲ್ಟರ್ ಹೊದಿಸಿರುತ್ತಾರೆ. ಅರ್ಧ ಚೌಕ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರು 1970ರ ದಶಕದಲ್ಲಿ ರೂಪಿಸಿದ ವಿನ್ಯಾಸ, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ. ರಾ ಫೈಲಿನಲ್ಲಿ ಇರುವುದು ಆ ಒಂದೊಂದು ಚೌಕದ ಬೆಳಕಿನ ಲೆಕ್ಕ ಮಾತ್ರ. ವೈಟ್ ಬ್ಯಾಲೆನ್ಸ್ ಅನ್ನುವುದು ಪಕ್ಕದಲ್ಲಿ ಬರೆದಿಟ್ಟ ಒಂದು ಸೂಚನೆ, ಅಷ್ಟೇ. ಅದನ್ನು ಅಳಿಸಿ ಬೇರೆ ಬರೆದರೂ ಲೆಕ್ಕ ಕೆಡುವುದಿಲ್ಲ. ಜೆಪೆಗ್‌ನಲ್ಲಿ ಆ ಸೂಚನೆಯನ್ನು ಬಣ್ಣದೊಳಗೇ ಕಲಸಿಬಿಟ್ಟಿರುತ್ತಾರೆ.

ಇನ್ನೊಂದು ಕಾರಣ ಮೆಟ್ಟಿಲುಗಳ ಸಂಖ್ಯೆ. ಜೆಪೆಗ್ 8 ಬಿಟ್. ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲು. ನಿಮ್ಮ ಕ್ಯಾಮೆರಾದ ರಾ 14 ಬಿಟ್, 16,384 ಮೆಟ್ಟಿಲು. ಸಂಜೆ ಆಕಾಶದ ಫೋಟೋವನ್ನು ಜೆಪೆಗ್‌ನಲ್ಲಿ ಎಳೆದರೆ ಪಟ್ಟೆ ಪಟ್ಟೆ ಬರುವುದು ಈ ಮೆಟ್ಟಿಲು ಸಾಲದೆ.

ಕೆರೆಯ ಹತ್ತಿರ ಬಂದರೆ ತೋರಿಸಿಕೊಡುತ್ತೇನೆ, ಕೈಯಲ್ಲಿ ಹಿಡಿದು ನೋಡಿದರೆ ಬೇಗ ತಿಳಿಯುತ್ತೆ.

ಬೆಳ್ಳಕ್ಕಿ ಮದ್ದೂರು

ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಬಿಳಿ ಹಕ್ಕಿ ತೆಗೆಯುವವರ ದೊಡ್ಡ ಕಷ್ಟ ಅದೇ. ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಇಡೀ ಚೌಕಟ್ಟಿನ ಸರಾಸರಿ ನೋಡುತ್ತೆ. ಹಿಂದೆ ಕಪ್ಪು ನೀರು, ದಟ್ಟ ಮರ. ಮಧ್ಯೆ ಸಣ್ಣದಾಗಿ ಬಿಳಿ ಹಕ್ಕಿ. "ಕತ್ತಲು ಜಾಸ್ತಿ ಇದೆ" ಅಂತ ಕ್ಯಾಮೆರಾ ಬೆಳಕು ಏರಿಸುತ್ತೆ, ಹಕ್ಕಿ ಸುಟ್ಟುಹೋಗುತ್ತೆ.

ಎಕ್ಸ್‌ಪೋಷರ್ ಕಾಂಪನ್ಸೇಷನ್ ಅಂತ ಪ್ಲಸ್ ಮೈನಸ್ ಗುರುತಿನ ಬಟನ್ ಇದೆ. ಬಿಸಿಲಲ್ಲಿ ಬೆಳ್ಳಕ್ಕಿ, ಕೊಕ್ಕರೆ ಇದ್ದರೆ ಮೈನಸ್ ಮೂರನೇ ಎರಡು (-2/3), ಒಮ್ಮೊಮ್ಮೆ ಮೈನಸ್ ಒಂದು ಇಡಿ. ಪ್ಲೇಬ್ಯಾಕ್‌ನಲ್ಲಿ ಹೈಲೈಟ್ ಅಲರ್ಟ್ ಇದೆ, ಸುಟ್ಟ ಜಾಗ ಕಪ್ಪಾಗಿ ಮಿಣುಕುತ್ತೆ. ಒಂದು ಫೋಟೋ ತೆಗೆದು ಅದನ್ನ ನೋಡಿ, ಮಿಣುಕಿದರೆ ಇನ್ನೂ ಇಳಿಸಿ. ಪರದೆ ಮೇಲೆ ಫೋಟೋ ಕತ್ತಲಾಗಿ ಕಂಡರೆ ಕಾಣಲಿ ಬಿಡಿ. ಆ ಕತ್ತಲನ್ನ ರಾದಿಂದ ಎತ್ತೋಣ. ಒಂದು ಗುಟ್ಟು ಹೇಳ್ತೀನಿ, ಕ್ಯಾಮೆರಾ ಪರದೆಯ ಹಿಸ್ಟೋಗ್ರಾಂ (ಎಡಗಡೆ ಕಪ್ಪಿನಿಂದ ಬಲಗಡೆ ಬಿಳಿವರೆಗೆ ಬೆಳಕಿನ ಹಂಚಿಕೆ ತೋರಿಸೋ ನಕ್ಷೆ), ಮಿಣುಕು ಎಲ್ಲ ಜೆಪೆಗ್ ಲೆಕ್ಕದ್ದು. ರಾದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಇರುತ್ತೆ. ಹಾಗಾಗಿ ಒಂದೆರಡು ಚುಕ್ಕೆ ಮಿಣುಕಿದರೆ ಗಾಬರಿ ಬೇಡ.

ಸಾಧ್ಯವಾದರೆ ಕೊಕ್ಕರೆಬೆಳ್ಳೂರಿಗೆ ಬನ್ನಿ. ನಮ್ಮ ತಾಲ್ಲೂಕೇ. ರಂಗನತಿಟ್ಟಿನಲ್ಲಿ ದೋಣಿ ಅಲುಗುತ್ತೆ, 250 ಲೆನ್ಸ್‌ಗೆ ಹಕ್ಕಿ ದೂರ. ಇಲ್ಲಿ ಊರೊಳಗೇ, ಮನೆ ಮುಂದಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಊರಿನವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರೋ ಹಕ್ಕಿಗಳು. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆ ಆಯ್ತು. ಚಳಿಗಾಲದಿಂದ ಬೇಸಿಗೆವರೆಗೂ ಇರುತ್ತವೆ. ಬಂದರೆ ಮನೆಯವರನ್ನ ಕೇಳಿ ಅಂಗಳಕ್ಕೆ ಕಾಲಿಡಿ. ಹಕ್ಕಿ ಎದ್ದು ಹಾರಲಿ ಅಂತ ಚಪ್ಪಾಳೆ ತಟ್ಟೋರನ್ನ ನೋಡಿದೀನಿ. ಹೆದರಿ ಎದ್ದರೆ ಗೂಡಿನಿಂದ ಮೊಟ್ಟೆ, ಮರಿ ಬೀಳುತ್ತೆ. ದಯವಿಟ್ಟು ಅದು ಮಾತ್ರ ಬೇಡ.

ಸ್ಟುಡಿಯೋ ಕೆಲಸ, ಮೈಸೂರು

ಬೆಳ್ಳಕ್ಕಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸುಡುವುದು ಬಿಳಿ ಮಾತ್ರ ಅಲ್ಲ. ದೇವರಾಜ ಮಾರ್ಕೆಟ್‌ನಲ್ಲಿ ಕುಂಕುಮದ ಗುಡ್ಡೆ ತೆಗೆದು ನೋಡಿ. ಹಿಸ್ಟೋಗ್ರಾಂ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತೆ. ಮನೆಗೆ ಬಂದು ದೊಡ್ಡದಾಗಿ ನೋಡಿದರೆ ಪುಡಿಯ ಕಣ ಇಲ್ಲ, ಗುಡ್ಡೆಯ ಮಡಿಕೆ ಇಲ್ಲ, ಕೆಂಪು ಬಟ್ಟೆ ಹಾಸಿದ ಹಾಗಿರುತ್ತೆ. ಕೆಂಪು ಚಾನೆಲ್ ಒಂದೇ ತುಂಬಿಹೋಗಿರುತ್ತೆ, ಹಸಿರು ನೀಲಿ ಖಾಲಿ. ಸರಾಸರಿ ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತೆ. ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿಕೊಂಡು ಕೆಂಪಿನ ಗೆರೆ ಬಲಗಡೆ ಗೋಡೆಗೆ ಅಂಟಿದೆಯಾ ಅಂತ ನೋಡಿ. ರೇಷ್ಮೆ ಸೀರೆ, ಚೆಂಡು ಹೂವಿಗೂ ಇದೇ ಕಥೆ. ನಾನು ಮದುವೆಯಲ್ಲಿ ಕೆಂಪು ಸೀರೆ ಇದ್ದರೆ ಸುಮ್ನೆ ಮೈನಸ್ ಮೂರನೇ ಒಂದು ಇಟ್ಟುಬಿಡುತ್ತೇನೆ.

ಎಡಿಟ್ ಮಾಡುವಾಗಲೂ ಅಷ್ಟೇ. ಸ್ಯಾಚುರೇಷನ್ ಏರಿಸಿದಾಗ ಮೊದಲು ಹಾಳಾಗುವುದು ಕೆಂಪು.

ಹೊಸ ಲೆನ್ಸ್, ಮಂಡ್ಯ

ಇನ್ನೊಂದು ದೊಡ್ಡ ತೊಂದರೆ. ಒಂದೇ ದಿನಕ್ಕೆ 800 ಫೋಟೋ ಆಯಿತು. ಒಂದು ರಾ ಸುಮಾರು 28 ಎಂಬಿ. ಲೆಕ್ಕ ಹಾಕಿದರೆ 22 ಜಿಬಿ! ಹತ್ತು ಭಾನುವಾರಕ್ಕೆ ಲ್ಯಾಪ್‌ಟಾಪ್ ತುಂಬಿಹೋಗುತ್ತೆ. ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ?

ಪೆಂಗ್ವಿನ್ ಕುವೆಂಪುನಗರ

ಸಾಫ್ಟ್‌ವೇರ್ ಆರಿಸುವುದಕ್ಕಿಂತ ಇದು ದೊಡ್ಡ ವಿಷಯ. ಸಾಫ್ಟ್‌ವೇರ್ ನಾಳೆ ಬದಲಾಯಿಸಬಹುದು. ಫೈಲ್ ಚದುರಿಹೋದರೆ ಎರಡು ವರ್ಷ ಆದಮೇಲೆ ಒಂದು ಫೋಟೋ ಹುಡುಕಲು ಆಗಲ್ಲ. ನನ್ನ ಅನುಭವ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಮೇಲುಕೋಟೆ ವೈರಮುಡಿ ಉತ್ಸವಕ್ಕೆ ಹೋಗಿದ್ದೆ. ರಾತ್ರಿಯಿಡೀ ತೆಗೆದೆ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕಾರ್ಡ್‌ನಿಂದ ಕಾಪಿ ಮಾಡಿ, ಕಾಪಿ ಪೂರ್ತಿ ಆಗಿದೆಯಾ ಅಂತ ನೋಡದೆ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಕೇಬಲ್ ಮಧ್ಯದಲ್ಲಿ ಕಳಚಿತ್ತು. ಸಂಜೆಯ ಫೋಟೋಗಳು ಮಾತ್ರ ಸಿಕ್ಕವು. ಮೆರವಣಿಗೆಯ ಒಂದೂ ಇಲ್ಲ.

ಅಂದಿನಿಂದ ನನ್ನ ಕ್ರಮ ಹೀಗಿದೆ. ಕಾರ್ಡನ್ನು ರೀಡರ್‌ಗೆ ಹಾಕುತ್ತೇನೆ, ಕ್ಯಾಮೆರಾ ಕೇಬಲ್ ಬಳಸಲ್ಲ. ಫೋಲ್ಡರ್ ಹೆಸರು ವರ್ಷ, ತಿಂಗಳು, ದಿನ, ಆಮೇಲೆ ಊರು. 2025-01-12 ಕೊಕ್ಕರೆಬೆಳ್ಳೂರು, ಹೀಗೆ. ವರ್ಷ ಮೊದಲು ಬರೆದರೆ ಕಂಪ್ಯೂಟರ್ ತಾನಾಗಿಯೇ ಸಾಲಾಗಿ ಜೋಡಿಸುತ್ತೆ. ಕಾರ್ಡ್‌ನಲ್ಲಿ ಎಷ್ಟು ಫೈಲ್, ಫೋಲ್ಡರ್‌ನಲ್ಲಿ ಎಷ್ಟು ಫೈಲ್ ಅಂತ ಎಣಿಸುತ್ತೇನೆ. ಆಮೇಲೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಇನ್ನೊಂದು ಕಾಪಿ. ಎರಡು ಕಡೆ ಇದೆ ಅಂತ ಗಟ್ಟಿಯಾದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ. ಬಹಳ ಮುಖ್ಯವಾದ ಫೋಟೋಗಳ ಮೂರನೇ ಕಾಪಿ ಅಕ್ಕನ ಮನೆಯ ಡಿಸ್ಕ್‌ನಲ್ಲಿದೆ. ಕಳ್ಳತನ, ಬೆಂಕಿ, ಕರೆಂಟ್ ಏರಿಳಿತ, ಏನೇ ಆದರೂ ಒಂದೇ ಮನೆಯಲ್ಲಿದ್ದರೆ ಎರಡೂ ಹೋಗುತ್ತೆ ಅಲ್ವಾ.

800ರಲ್ಲಿ 800 ಇಡಬೇಡಿ. ಅದೇ ದಿನ ಒಂದು ಸಲ ಎಲ್ಲವನ್ನೂ ಓಡಿಸಿ ನೋಡಿ. ಕಣ್ಣು ಮಸುಕಾಗಿದ್ದರೆ, ಹಕ್ಕಿ ಅರ್ಧ ಕತ್ತರಿಸಿದ್ದರೆ, ತಲೆ ಆ ಕಡೆ ತಿರುಗಿದ್ದರೆ ರಿಜೆಕ್ಟ್. ಡಾರ್ಕ್‌ಟೇಬಲ್‌ನ ಲೈಟ್‌ಟೇಬಲ್ ಪರದೆಯಲ್ಲಿ ಆರ್ ಒತ್ತಿದರೆ ರಿಜೆಕ್ಟ್, 1ರಿಂದ 5ರವರೆಗಿನ ಅಂಕಿ ಒತ್ತಿದರೆ ಅಷ್ಟು ನಕ್ಷತ್ರ. ಮೊದಲ ಸುತ್ತಿನಲ್ಲಿ ಎಡಿಟ್ ಮಾಡಲು ಹೋಗಬೇಡಿ, ಆರಿಸುವ ಕಣ್ಣು ಬೇರೆ, ಎಡಿಟ್ ಮಾಡುವ ಕಣ್ಣು ಬೇರೆ. ನನಗೆ 800ರಲ್ಲಿ ನೂರು ಉಳಿದರೆ ಒಳ್ಳೆಯ ದಿನ.

ಡಾರ್ಕ್‌ಟೇಬಲ್ ನಿಮ್ಮ ರಾ ಫೈಲನ್ನು ಯಾವತ್ತೂ ತಿದ್ದಲ್ಲ. ಪಕ್ಕದಲ್ಲಿ ಎಕ್ಸ್ಎಂಪಿ ಅಂತ ಒಂದು ಪುಟ್ಟ ಫೈಲ್ ಇಡುತ್ತೆ. ನೀವು ಮಾಡಿದ ಬದಲಾವಣೆಯ ಪಟ್ಟಿ ಅದರಲ್ಲಿರುತ್ತೆ. ಫೋಲ್ಡರ್ ಕಾಪಿ ಮಾಡುವಾಗ ಅದನ್ನೂ ಸೇರಿಸಿ ಕಾಪಿ ಮಾಡಿ. ಕಸ ಅಂತ ಅಳಿಸಿದರೆ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ನಿಮ್ಮ ಎಡಿಟ್ ಇರಲ್ಲ.

ಕುಕ್ಕರಹಳ್ಳಿ ವಾಕಿಂಗ್

ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಎಲ್ಲದಕ್ಕೂ ರಾ ಅನ್ನುವ ಹಾಗೆ ಇಲ್ಲಿ ಮಾತು ಸಾಗುತ್ತಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾನು ಜೆಪೆಗ್ ಮಾತ್ರ ತೆಗೆಯುತ್ತೇನೆ. ಅರ್ಧ ಗಂಟೆಯಲ್ಲಿ ಮನೆಯವರ ಫೋನಿಗೆ ಹೋಗಬೇಕು. ನೂರು ರಾ ಎಡಿಟ್ ಆಗದೆ ವರ್ಷಗಟ್ಟಲೆ ಡಿಸ್ಕ್‌ನಲ್ಲಿ ಕೂತರೆ ಆ ಫೋಟೋ ಯಾರೂ ನೋಡಲ್ಲ. ಬೆಳಕು ಕಷ್ಟವಾಗಿದ್ದಾಗ ರಾ ಬೇಕು. ಬಿಳಿ ಹಕ್ಕಿ, ದೇವಸ್ಥಾನದ ಒಳಗಿನ ಕತ್ತಲು, ಭಾನುವಾರ ಸಂಜೆ ಅರಮನೆಯ ದೀಪ. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು. ಬಲ್ಬು ಸುಡುತ್ತೆ, ಹಿಂದಿನ ಆಕಾಶ ಕಪ್ಪಾಗುತ್ತೆ. ಅಲ್ಲಿ ರಾ ಇಲ್ಲದೆ ನಾನು ಹೋಗಲ್ಲ. ಆಕಾಶದಲ್ಲಿ ನೀಲಿ ಇನ್ನೂ ಉಳಿದಿರುವಾಗಲೇ ದೀಪ ಹತ್ತಿದರೆ ಎರಡೂ ಒಂದೇ ಫೋಟೋದಲ್ಲಿ ಸಿಗುತ್ತವೆ.

ನೀವು ಈಗ ಮಾಡುತ್ತಿರುವ ಹಾಗೆ ಎರಡೂ ಇಡಿ. ಆದರೆ ಜೆಪೆಗ್ ಚೆನ್ನಾಗಿದ್ದರೆ, ಅದರ ರಾ ಮುಟ್ಟಲೇಬೇಕು ಅಂತಿಲ್ಲ.

ಆಲೆಮನೆ ಹುಡುಗ

ಮೇಡಂ ಹೇಳಿದ್ದು ಸರಿ. ಬೆಲ್ಲ ಬೇಕಾದಾಗ ಬೆಲ್ಲವೇ ತಗೋಬೇಕು.

ಸ್ಟುಡಿಯೋ ಕೆಲಸ, ಮೈಸೂರು

ಪ್ರಿಂಟ್ ವಿಷಯ ಯಾರೂ ಹೇಳಲಿಲ್ಲ. ಒಂದು ಫೋಟೋನಾದರೂ ಪ್ರಿಂಟ್ ಹಾಕಿಸಿ. ಲ್ಯಾಪ್‌ಟಾಪ್ ಪರದೆಯ ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕತ್ತಲಾಗಿ ಬರುತ್ತೆ. ಲ್ಯಾಬಿನವರ ತಪ್ಪಲ್ಲ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಹೆಚ್ಚು ಕಡಿಮೆ ಆ ಹಾಳೆಯಷ್ಟೇ ಕಾಣುವವರೆಗೆ ಇಳಿಸಿ. ರಾತ್ರಿ ಕಣ್ಣಿಗೆ ಹಿತ ಅಂತ ಪರದೆ ಹಳದಿ ಮಾಡುವ ನೈಟ್ ಲೈಟ್ ಆಫ್ ಮಾಡಿ.

ನಿಮ್ಮ ಫೋಟೋ 6000 ಪಿಕ್ಸೆಲ್ ಅಗಲ, 4000 ಎತ್ತರ. 12 ಇಂಚು 18 ಇಂಚು ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600ಕ್ಕೆ 5400 ಬೇಕು. ಕತ್ತರಿಸದೆ ಪೂರ್ತಿ ಹಿಡಿಸುತ್ತೆ, ಅಳತೆಯ ಪ್ರಮಾಣವೂ ಅದೇ. 8ಕ್ಕೆ 10 ಹಾಕಿಸಿದರೆ ಉದ್ದದಲ್ಲಿ ಕತ್ತರಿಸಬೇಕಾಗುತ್ತೆ, ಕೊಕ್ಕಿನ ತುದಿ ಹೋಗದ ಹಾಗೆ ನೀವೇ ಕ್ರಾಪ್ ಮಾಡಿ ಕೊಡಿ. ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ (ಬಣ್ಣಗಳ ವ್ಯಾಪ್ತಿ) ಎಸ್ಆರ್‌ಜಿಬಿ ಇಡಿ. ಬೇರೆ ಕಲರ್ ಸ್ಪೇಸ್ ಇಟ್ಟರೆ ಫೋನಿನಲ್ಲೂ ಲ್ಯಾಬಿನಲ್ಲೂ ಬಣ್ಣ ಸತ್ತ ಹಾಗೆ ಬರಬಹುದು.

ಹೊಸ ಲೆನ್ಸ್, ಮಂಡ್ಯ

ಐದು ವಾರ ಆಯಿತು. ಏನಾಯಿತು ಅಂತ ಹೇಳಲೇಬೇಕು ಅನಿಸಿತು.

ಮೊದಲ ಎರಡು ವಾರ ಡಿಪಿಪಿಯಲ್ಲಿ ಮಾತ್ರ ಕೆಲಸ ಮಾಡಿದೆ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಕ್ರಾಪ್, ಇಷ್ಟೇ. ಮೂರನೇ ವಾರ ಡಾರ್ಕ್‌ಟೇಬಲ್‌ಗೆ ಹೋದೆ. ಪೆಂಗ್ವಿನ್ ಅವರು ಹೇಳಿದ ಮಾಡ್ಯೂಲ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಅಂಚಿಗೆ ಅಂಟಿಸಿದ್ದೇನೆ. 8 ಜಿಬಿ ರ್‍ಯಾಮ್‌ಗೆ ಡಿನಾಯ್ಸ್ ಆನ್ ಮಾಡಿದಾಗ ಸ್ವಲ್ಪ ತಡವರಿಸುತ್ತೆ, ಹಾಗಾಗಿ ಅದನ್ನು ಕೊನೆಗೆ ಆನ್ ಮಾಡುತ್ತೇನೆ. 2 ಟಿಬಿ ಹಾರ್ಡ್ ಡಿಸ್ಕ್ ತಗೊಂಡೆ. ಕಾರ್ಡ್ ಎಣಿಸದೆ ಫಾರ್ಮ್ಯಾಟ್ ಮಾಡಲ್ಲ.

ಹೋದ ಭಾನುವಾರ ಕೊಕ್ಕರೆಬೆಳ್ಳೂರಿಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ತಲುಪಿದೆ. ಒಂದು ಮನೆಯ ಅಜ್ಜಿಯನ್ನು ಕೇಳಿಕೊಂಡು ಅವರ ಜಗಲಿ ಮೇಲೆ ಕೂತೆ. ಮೈನಸ್ ಒಂದು ಇಟ್ಟೆ. ಪರದೆಯಲ್ಲಿ ಎಲ್ಲವೂ ಕತ್ತಲಾಗಿ ಕಂಡು ಭಯವಾಯಿತು. ಆದರೂ ಬದಲಾಯಿಸಲಿಲ್ಲ. 412 ಫೋಟೋ ತೆಗೆದೆ, ಸಂಜೆಗೆ 38 ಉಳಿಸಿಕೊಂಡೆ, ಎಡಿಟ್ ಮಾಡಿದ್ದು 9.

ಒಂದರಲ್ಲಿ ಕೊಕ್ಕರೆ ಮರಿಗೆ ರೆಕ್ಕೆ ಅರ್ಧ ಬಿಚ್ಚಿ ನೆರಳು ಕೊಡುತ್ತಿದೆ. ಎಕ್ಸ್‌ಪೋಷರ್ ಏರಿಸಿದೆ, ಸಿಗ್ಮಾಯ್ಡ್ ಹಾಕಿದೆ. ಬೆನ್ನಿನ ಬಿಳಿಯಲ್ಲಿ ಒಂದೊಂದು ಗರಿಯ ಅಂಚೂ ಕಾಣಿಸಿತು. ಬಾಲದ ಹತ್ತಿರ ಇರುವ ಗುಲಾಬಿ ಗರಿ, ರಂಗನತಿಟ್ಟಿನ ಫೋಟೋದಲ್ಲಿ ಪೂರ್ತಿ ಬಿಳಿಯಾಗಿ ಹೋಗಿತ್ತು. ಇಲ್ಲಿ ಗುಲಾಬಿಯಾಗೇ ಇದೆ. ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಅದನ್ನು 12ಕ್ಕೆ 18 ಪ್ರಿಂಟ್ ಹಾಕಿಸಿ ನಿನ್ನೆ ಆ ಅಜ್ಜಿಗೆ ಕೊಟ್ಟು ಬಂದೆ. ಅವರು ಫೋಟೋವನ್ನು ಬೆಳಕಿಗೆ ಹಿಡಿದು, ಹಕ್ಕಿಯನ್ನು ಬಿಟ್ಟು ಹಿಂದಿನ ಕೊಂಬೆ ಮೇಲೆ ಬೆರಳಿಟ್ಟು, "ಇದು ಕೊಟ್ಟಿಗೆ ಕಡೆ ಕೊಂಬೆ ಕಣವ್ವ, ಹೋದ್ ವರ್ಸ ಇದ್ರಲ್ಲಿ ಗೂಡಿರ್ಲಿಲ್ಲ" ಅಂದರು.

ಒಂದು ಪ್ರಶ್ನೆ ಉಳಿದಿದೆ. ಪ್ರಿಂಟ್‌ನಲ್ಲಿ ಕೊಂಬೆಯ ನೆರಳು ನನ್ನ ಪರದೆಗಿಂತ ಇನ್ನೂ ಸ್ವಲ್ಪ ಕಪ್ಪಾಗಿಯೇ ಬಂದಿದೆ. ಬ್ರೈಟ್‌ನೆಸ್ ಹಾಳೆ ಹಿಡಿದೇ ಇಳಿಸಿದ್ದೆ. ಸ್ಟುಡಿಯೋ ಸರ್, ಇನ್ನೂ ಇಳಿಸಬೇಕಾ, ಅಥವಾ ನೆರಳನ್ನು ಎಡಿಟ್‌ನಲ್ಲೇ ಎತ್ತಲಾ?

ಸ್ಟುಡಿಯೋ ಕೆಲಸ, ಮೈಸೂರು

ಹಾಳೆ ಹಿಡಿದದ್ದು ಹಗಲಲ್ಲೋ ರಾತ್ರಿಯಲ್ಲೋ? ಕಿಟಕಿ ಪಕ್ಕ ಹಗಲಲ್ಲಿ ಹಿಡಿದಿದ್ದರೆ ಹಾಳೆಯೇ ತುಂಬಾ ಬೆಳಗಿರುತ್ತೆ, ಪರದೆ ಇಳಿಸಿದ್ದು ಸಾಲಲ್ಲ. ಯಾವಾಗ ಎಡಿಟ್ ಮಾಡುತ್ತೀರೋ ಆ ಹೊತ್ತಿನಲ್ಲಿ, ಅದೇ ಟ್ಯೂಬ್‌ಲೈಟ್ ಕೆಳಗೆ ಮತ್ತೊಮ್ಮೆ ನೋಡಿ. ಆ ಮೇಲೂ ಕಪ್ಪಾಗಿದ್ದರೆ ಫೈಲಿನ ನಕಲೊಂದರಲ್ಲಿ ನೆರಳು ಸ್ವಲ್ಪ ಎತ್ತಿ, 4ಕ್ಕೆ 6ರಲ್ಲಿ ಎರಡು ಮೂರು ಬಗೆ ಮಾಡಿ ಹಾಕಿಸಿ. ಕಡಿಮೆ ಖರ್ಚಿಗೆ ನಿಮ್ಮ ಪರದೆಗೂ ಆ ಲ್ಯಾಬಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತೆ. ಆ ಮೂರು ಪ್ರಿಂಟನ್ನೂ ಹಿಂದೆ ಬರೆದು ಇಟ್ಟುಕೊಳ್ಳಿ.